ಪೂಜೆಯಾದ ಡೈನಮೋ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಶಾಲೆಯ ಮಕ್ಕಳು ಆಡಿಕೊಳ್ಳುತ್ತಾರೆ. ಇದು ಅಪವಾದ. ಮೂಗಿನ ತುದಿಯವರೆಗೆ ಬರಲು ಸಿಟ್ಟಿಗೆ ಸ್ವಲ್ಪವಾದರೂ ಸಮಯ ಬೇಕಲ್ಲ. ನನ್ನದು ಅಷ್ಟು ಹೊತ್ತು ಕಾಯುವುದಿಲ್ಲ. ಮನೆ ಇರುವುದು ಶಿವಮೊಗ್ಗದ ರಾಗಿಗುಡ್ಡದಲ್ಲಿ, ಶಾಲೆ ಭದ್ರಾವತಿಯ ಜನ್ನಾಪುರದ ಹತ್ತಿರ. ನಡುವೆ ಬಸ್ಸು. ಆ ಬಸ್ಸಿನಲ್ಲಿ ಕಿಟಕಿ ಗಾಜಿನ ವಿಷಯಕ್ಕೆ ಯಾರೊಂದಿಗಾದರೂ ಒಂದು ಸುತ್ತು ಮುಗಿಸಿಯೇ ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು. ಹೀಗಾಗಿ ಮೊದಲ ಪೀರಿಯಡ್ಡಿನ ಮಕ್ಕಳಿಗೆ ನಾನು ಯಾವಾಗಲೂ ಬಿಸಿಬಿಸಿಯಾಗಿಯೇ ಸಿಗುತ್ತೇನೆ.

ನಾನು ಕಲಿಸುವುದು ವಿಜ್ಞಾನ. ಹದಿನೆಂಟು ವರ್ಷ ‘ಶಕ್ತಿ’ ಎಂಬ ಪಾಠವನ್ನು ಬರೀ ಸೀಮೆಸುಣ್ಣದಲ್ಲಿ ಮುಗಿಸಿದವಳು. ಬೋರ್ಡಿನ ಮೇಲೆ ನಾನು ಬರೆದ ಗಾಳಿಯಂತ್ರ ಸೀಲಿಂಗ್ ಫ್ಯಾನಿನ ಹಾಗೆ ಕಾಣುತ್ತಿತ್ತು, ಅಣೆಕಟ್ಟು ಇಡ್ಲಿ ತಟ್ಟೆಯ ಹಾಗೆ. “ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ” ಎಂದು ನಾನು ಒಂದು ಸಲ ಹೇಳಿದರೆ ಮಕ್ಕಳು ಐದು ಸಲ ಕೂಗುತ್ತಿದ್ದರು. ಕೂಗಿ ಮುಗಿಸಿದ ಮೇಲೆ ಅವರಲ್ಲೂ ನನ್ನಲ್ಲೂ ಆ ಸಾಮರ್ಥ್ಯ ಉಳಿಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆಯುತ್ತಿದ್ದರು. ಹಾಗಾಗಿ ನಾನು ಒಳ್ಳೆಯ ಟೀಚರ್ ಎಂದೇ ನನ್ನ ನಂಬಿಕೆಯಾಗಿತ್ತು.

ಆಮೇಲೆ ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ ಬಂತು. ಮಕ್ಕಳು ಕೇಳಿ ಕಲಿಯಬಾರದು, ಮುಟ್ಟಿ ಕಲಿಯಬೇಕು ಎಂಬುದು ವಿಷಯ. ಹೇಳಿಕೊಡಲು ಬಂದವರು ಎರಡು ದಿನವೂ ಪರದೆಯ ಮೇಲೆ ಚಿತ್ರ ತೋರಿಸಿದರು. ಮೇಜಿನ ಮೇಲಿದ್ದ ಪುಟ್ಟ ಸೋಲಾರ್ ಫ್ಯಾನಿಗೆ ನಾನು ಕೈ ಹಾಕಿದ್ದೇ ತಡ, “ಮುಟ್ಬೇಡಿ ಮೇಡಂ, ಇದೊಂದೇ ಪೀಸ್ ಇರೋದು” ಎಂದರು. ಆ ತರಬೇತಿಯಲ್ಲಿ ನಾವು ಮುಟ್ಟಿ ಕಲಿತದ್ದೆಂದರೆ ಹನ್ನೊಂದು ಗಂಟೆಯ ಉದ್ದಿನ ವಡೆ ಮಾತ್ರ.

ಆದರೂ ತರಬೇತಿಯಿಂದ ಒಂದು ಉಪಕಾರವಾಯಿತು. ಶಾಲೆಗೆ ಒಂದು ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ ಬಂತು. ಅದರೊಳಗೆ ಕೈಯಲ್ಲಿ ತಿರುಗಿಸುವ ಒಂದು ಡೈನಮೋ, ನಾಲ್ಕು ಟಾರ್ಚ್ ಬಲ್ಬು, ಅಂಗೈಯಗಲದ ಸೋಲಾರ್ ಹಲಗೆ, ಗಾಳಿಗೆ ತಿರುಗುವ ರೆಕ್ಕೆ, ಕ್ಲಿಪ್ಪು ಹಚ್ಚಿದ ವೈರುಗಳು. ನಮ್ಮ ಹೆಡ್‌ಮಾಸ್ಟರು ಪೆಟ್ಟಿಗೆಯನ್ನು ಬಹಳ ಸಂತೋಷದಿಂದ ಬರಮಾಡಿಕೊಂಡು, ಅಷ್ಟೇ ಸಂತೋಷದಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ಮಕ್ಕಳ ಕೈಗೆ ಕೊಟ್ರೆ ಹಾಳಾಗತ್ತೆ ಮೇಡಂ,” ಎಂದರು.

“ಮಕ್ಕಳ ಕೈಗೆ ಕೊಡೋಕೇ ಅಲ್ವಾ ಸಾರ್ ಕಳ್ಸಿರೋದು?”

“ಹೌದು. ಆದ್ರೆ ಹೊಸದಾಗೇ ಇರ್ಲಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಅವರಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿ ಹೊರಬಂದೆ. ಒಂದು ತಿಂಗಳು ದಿನಾ ಬೆಳಿಗ್ಗೆ ಹೋಗಿ ಬೀರುವಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. ಕೊನೆಗೆ ನನ್ನ ಮುಖ ನೋಡಿ ನೋಡಿ ಬೇಸತ್ತು ಕೀಲಿಕೈ ಕೊಟ್ಟರು. “ಏನಾದ್ರೂ ಆದ್ರೆ ಯಾರಿಂದ ಆಯ್ತು ಅಂತ ನೀವು ಬರೆದು ಕೊಡ್ಬೇಕು,” ಎಂಬ ಷರತ್ತಿನ ಮೇಲೆ.

ಪೆಟ್ಟಿಗೆ ತರಗತಿಗೆ ಬಂದ ಮೇಲೆ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಒಂಬತ್ತನೇ ತರಗತಿಯವರು ಪೆಟ್ಟಿಗೆಯಲ್ಲಿ ಇದ್ದದ್ದು ಸಾಲದೆಂದು ಮನೆಯಿಂದ ನಿಂಬೆಹಣ್ಣು ತಂದು ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿದರು. ದಾರದ ಉರುಳೆಗೆ ರಬ್ಬರ್ ಬ್ಯಾಂಡ್ ಸುತ್ತಿ ಗಾಡಿ ಓಡಿಸಿದರು. ರಟ್ಟಿನ ಡಬ್ಬಕ್ಕೆ ಮಿರಿಮಿರಿ ಕಾಗದ ಅಂಟಿಸಿ ಬಿಸಿಲಲ್ಲಿಟ್ಟು ಬೆಲ್ಲ ಕರಗಿಸಿ ಕಡಲೆಬೀಜದ ಚಿಕ್ಕಿ ಮಾಡಲು ಹೊರಟರು. ಚಿಕ್ಕಿ ಆಗಲಿಲ್ಲ, ಇರುವೆಗಳಿಗೆ ಹಬ್ಬವಾಯಿತು.

ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅಪ್ಪನಿಗೆ ಜನ್ನಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಸುಟ್ಟುಹೋದ ಪಂಪು, ಮಿಕ್ಸಿಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬಾಯಿಪಾಠದಲ್ಲಿ ಅವಳು ತೀರಾ ಹಿಂದೆ. ಶಕ್ತಿ ಎಂದರೇನು ಎಂದು ಎಬ್ಬಿಸಿ ಕೇಳಿದರೆ ನನ್ನನ್ನೂ ಬೋರ್ಡನ್ನೂ ನೋಡಿ, ಎರಡರಲ್ಲೂ ಉತ್ತರ ಇಲ್ಲವೆಂಬ ಹಾಗೆ ನಿಲ್ಲುತ್ತಿದ್ದಳು. ಡೈನಮೋ ಕೈಗೆ ಬಂದ ದಿನ ಅದೇ ಹುಡುಗಿ ಮೊದಲು ಒಂದು ಬಲ್ಬು ಹಚ್ಚಿ ತಿರುಗಿಸಿದಳು, ಆಮೇಲೆ ಪಕ್ಕದವಳಿಂದ ಇನ್ನೊಂದು ಬಲ್ಬು ಹಚ್ಚಿಸಿದಳು, ಆಮೇಲೆ ಎರಡನ್ನೂ ತೆಗೆಸಿ ಬರೀ ಹಿಡಿ ತಿರುಗಿಸಿದಳು.

“ಮಿಸ್, ಬಲ್ಬ್ ಜಾಸ್ತಿ ಆದಂಗೆ ಹ್ಯಾಂಡಲ್ ಭಾರ ಆಗತ್ತೆ. ತೆಗೆದ್ರೆ ಹಗುರ. ಬೆಳಕು ನಮ್ ಕೈಯಿಂದ್ಲೇ ಹೋಗತ್ತಲ್ವಾ, ಅದಕ್ಕೆ.”

ನಾನು ಬಹಳ ಹಿಂದೆಯೇ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ನಿಜ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಕೈಗೆ ಗೊತ್ತಿರಲಿಲ್ಲ. ಡೈನಮೋವನ್ನು ಒಂದು ಸಲವೂ ನಾನು ತಿರುಗಿಸಿರಲೇ ಇಲ್ಲ. ಟೀಚರಾದವಳು ತೋರಿಸಬೇಕು, ತಿರುಗಿಸುವುದು ಮಕ್ಕಳ ಕೆಲಸ ಎಂದುಕೊಂಡಿದ್ದೆ. ಅವತ್ತಿನಿಂದ ಅವಳು ಪ್ರತಿ ಪೀರಿಯಡ್ಡಿನಲ್ಲೂ ಕೈ ಎತ್ತತೊಡಗಿದಳು. ಆ ಕೈಯಲ್ಲಿ ಯಾವಾಗಲೂ ಒಂದಿಷ್ಟು ಗ್ರೀಸಿನ ಕಪ್ಪು ಇರುತ್ತಿತ್ತು.

ಇಷ್ಟರಲ್ಲಿ ದಸರಾ ರಜೆ ಬಂತು. ಭದ್ರಾವತಿ ಕಾರ್ಖಾನೆಗಳ ಊರು. ಇಲ್ಲಿ ಆಯುಧ ಪೂಜೆಯ ದಿನ ಲೇತ್ ಮಷೀನಿನಿಂದ ಹಿಡಿದು ಇಡ್ಲಿ ಗಾಡಿಯ ಸ್ಟವ್ವಿನವರೆಗೆ ಕುಂಕುಮವಿಲ್ಲದ ಕಬ್ಬಿಣ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಶಾಲೆಯಲ್ಲೂ ಒಂದು ಬೆಳಿಗ್ಗೆ ಟೀಚರುಗಳು ಸೇರಿ ಪೂಜೆ ಮಾಡುವುದು ಪದ್ಧತಿ. ಗಂಟೆ, ಕಂಪ್ಯೂಟರು, ಅನ್ನದ ಹಂಡೆ, ಎಲ್ಲಕ್ಕೂ ಹೂವು. ವಿಜ್ಞಾನದ ಪೆಟ್ಟಿಗೆ ನನ್ನ ಪಾಲಿಗೆ ಬಂತು. ನಾನು ಪುರೋಹಿತರ ಮಗಳು. ಇಂಥ ಕೆಲಸವನ್ನು ಮೇಲ್ಮೇಲೆ ಮಾಡಿ ಏಳುವ ಜಾತಿಯಲ್ಲ. ನಮ್ಮಪ್ಪ ಹೇಳುತ್ತಿದ್ದರು, “ಕತ್ತಿಗೆ ಪೂಜೆ ಮಾಡೋವಾಗ ಹಿಡಿಗೆ ಕುಂಕುಮ ಇಟ್ರೆ ಏನು ಬಂತು? ಅಲಗಿಗೆ ಇಡು. ಕೆಲಸ ಮಾಡೋದು ಯಾವ್ದೋ ಅದಕ್ಕೆ ಪೂಜೆ ಆಗ್ಬೇಕು.” ಆ ಮಾತನ್ನು ನೆನೆಸಿಕೊಂಡೇ ಡೈನಮೋದ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಹಲ್ಲುಚಕ್ರಗಳಿಗೆ ಒಂದೊಂದು ಬೊಟ್ಟು, ತಾಮ್ರದ ಸುರುಳಿಗೆ ಅರಿಶಿನದ ನೀರು, ಮೇಲೆ ಧಾರಾಳವಾಗಿ ಅಕ್ಷತೆ. ಸೋಲಾರ್ ಹಲಗೆಗೂ ನಡುವೆ ಒಂದು ಗಂಧದ ಬೊಟ್ಟು ಇಟ್ಟೆ. ಮುಚ್ಚಳ ಹಾಕಿ ಕೈಮುಗಿದೆ. ಮನಸ್ಸಿಗೆ ತೃಪ್ತಿಯಾಯಿತು.

ರಜೆ ಮುಗಿದು ಬಂದ ಮೊದಲ ಪಾಠದಲ್ಲಿ ಡೈನಮೋವನ್ನು ಎರಡನೇ ಬೆಂಚಿನ ಹುಡುಗಿಯ ಕೈಗೇ ಕೊಟ್ಟೆ. ಅವಳು ಹಿಡಿ ತಿರುಗಿಸಿದಳು. ಕಟಕ್ ಎಂದು ಸದ್ದಾಗಿ ಹಿಡಿ ನಿಂತುಬಿಟ್ಟಿತು. ಬಲ್ಬು ಹೊತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದಳು, ಮತ್ತೆ ಕಟಕ್.

ನನ್ನ ಸಿಟ್ಟು ಎಂದಿನಂತೆ ನನಗಿಂತ ಮುಂಚೆ ಮಾತಾಡಿತು. “ರಜೆಗೆ ಮುಂಚೆ ಹುಚ್ಚುಹುಚ್ಚಾಗಿ ತಿರುಗ್ಸಿದ್ದು ನೀನೇ ತಾನೇ? ಮುರಿದು ಹಾಕ್ದೆ. ಇದೇನು ನಿಮ್ಮಪ್ಪನ ವೈಂಡಿಂಗ್ ಅಂಗಡಿ ಅಂತ ಮಾಡಿದ್ಯಾ, ಕಂಡಕಂಡಂಗೆ ತಿರುಗ್ಸೋಕೆ?”

ಅವಳು ಡೈನಮೋವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಎರಡೂ ಕೈಗಳನ್ನು ಬೆಂಚಿನ ಕೆಳಗೆ ಇಳಿಸಿಕೊಂಡು ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಅಲ್ಲಿಗೇ ಮುಗಿಸಿಬಿಡುತ್ತಿದ್ದೆನೋ ಏನೋ.

ಅವತ್ತಿನಿಂದ ಅವಳು ಏನನ್ನೂ ಮುಟ್ಟಲಿಲ್ಲ. ನಿಂಬೆಹಣ್ಣು ಕೊಟ್ಟರೆ ಪಕ್ಕದವಳಿಗೆ ದಾಟಿಸುತ್ತಿದ್ದಳು. “ನಾನು ಮುಟ್ಟಲ್ಲ ಮಿಸ್,” ಎನ್ನುತ್ತಿದ್ದಳು, ಜಗಳದ ದನಿಯಲ್ಲಿ ಅಲ್ಲ, ಏಕಾದಶಿಯ ದಿನ ಊಟ ಬೇಡವೆನ್ನುವ ಹಾಗೆ. ಕೈ ಎತ್ತುವುದೂ ನಿಂತಿತು. ಕಿರುಪರೀಕ್ಷೆಯಲ್ಲಿ ಶಕ್ತಿಯ ವ್ಯಾಖ್ಯೆಯನ್ನು ಮಾತ್ರ ತಪ್ಪಿಲ್ಲದೆ ಬರೆದಿದ್ದಳು. ಕಂಠಪಾಠ ಮಾಡಿದ್ದಳು. ಆ ಉತ್ತರಕ್ಕೆ ಪೂರ್ತಿ ಅಂಕ ಕೊಡುವಾಗ ನನಗೆ ಬೇಜಾರಾಯಿತು. ಹದಿನೆಂಟು ವರ್ಷದಿಂದ ಎಲ್ಲರನ್ನೂ ಹೇಗೆ ಮಾಡಿದ್ದೆನೋ ಹಾಗೆಯೇ ಇವಳನ್ನೂ ಮಾಡಿಬಿಟ್ಟಿದ್ದೆ.

ಹೆಡ್‌ಮಾಸ್ಟರಿಗೆ ವಿಷಯ ತಿಳಿಯಿತು. “ಬೀರುವಲ್ಲಿ ಇದ್ದಿದ್ರೆ ಹಾಳಾಗ್ತಿತ್ತಾ?” ಎಂದು ಆ ವಾರವಿಡೀ ಕೇಳಿದರು. ಪ್ರಶ್ನೆಯಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಷರತ್ತಿನಂತೆ ಬರೆದು ಕೊಡಿ ಎಂದರು. ನಾನು ಒಂದು ಹಾಳೆಯಲ್ಲಿ ಆ ಹುಡುಗಿಯ ಹೆಸರು ಬರೆದು, ಸಹಿ ಮಾಡಿ, ಬ್ಯಾಗಿನಲ್ಲಿಟ್ಟುಕೊಂಡೆ. ಕೊಡುವುದಕ್ಕೆ ಮಾತ್ರ ಕೈ ಬರಲಿಲ್ಲ. ರಿಪೇರಿಯಾಗಿಬಿಟ್ಟರೆ ಕೊಡುವುದೇ ಬೇಡವಲ್ಲ ಎಂದು ಡೈನಮೋವನ್ನು ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಶಿವಮೊಗ್ಗಕ್ಕೆ ಒಯ್ದೆ.

ಸವಳಂಗ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಅದಕ್ಕೆ ಮರ್ಯಾದೆ ಸಿಗಲಿಲ್ಲ. ಒಬ್ಬರು ಕೈಯಲ್ಲಿ ಹಿಡಿದು ತಿರುವಿ ನೋಡಿ, “ಆಟದ ಸಾಮಾನು ರಿಪೇರಿ ಮಾಡಲ್ಲಮ್ಮ,” ಎಂದರು. ಇನ್ನೊಬ್ಬರು ಹೊಸದು ತರಿಸಿ ಎಂದರು. ಮೂರನೆಯವರು ಸ್ವಲ್ಪ ಕನಿಕರ ತೋರಿಸಿದರು. “ಇಷ್ಟು ಸಣ್ಣದನ್ನ ಬಿಚ್ಚೋ ತಾಳ್ಮೆ ಇಲ್ಲಿ ಯಾರಿಗೂ ಇಲ್ಲ ಮೇಡಂ. ಭದ್ರಾವತಿ ಜನ್ನಾಪುರದಲ್ಲಿ ಒಬ್ರು ವೈಂಡಿಂಗ್‌ನೋರಿದ್ದಾರೆ. ಅವ್ರ ಹತ್ರ ಹೋಗಿ.”

ಯಾರೆಂದು ಕೇಳುವ ಅಗತ್ಯ ನನಗಿರಲಿಲ್ಲ. ಎರಡು ದಿನ ಬಸ್ ಸ್ಟಾಪಿನಿಂದ ಶಾಲೆಗೆ ಹೋಗುವಾಗ ಆ ಅಂಗಡಿಯ ಎದುರಿನ ಫುಟ್‌ಪಾತ್ ಬಿಟ್ಟು ಆಚೆ ಬದಿಯಲ್ಲಿ ನಡೆದೆ. ಮೂರನೇ ದಿನ ಸಂಜೆ ಬೇರೆ ದಾರಿ ಕಾಣದೆ ಮೆಟ್ಟಿಲು ಹತ್ತಿದೆ.

ಅಂಗಡಿಯ ತುಂಬ ವಾರ್ನಿಷ್ ವಾಸನೆ. ಆ ಹುಡುಗಿ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಸುತ್ತುವ ಯಂತ್ರದ ಹಿಡಿ ತಿರುಗಿಸುತ್ತ, ಇನ್ನೊಂದು ಕೈಯ ಬೆರಳ ನಡುವೆ ತಾಮ್ರದ ತಂತಿ ಜಾರಿಸುತ್ತ ಸುತ್ತು ಎಣಿಸುತ್ತಿದ್ದಳು. ಶಾಲೆಯಲ್ಲಿ ಏನನ್ನೂ ಮುಟ್ಟದ ಕೈಗಳು ಇಲ್ಲಿ ಪುರುಸೊತ್ತಿಲ್ಲದೆ ಓಡಾಡುತ್ತಿದ್ದವು. ನನ್ನನ್ನು ನೋಡಿದಳು. “ನೂರಾ ಎಂಬತ್ನಾಕು, ನೂರಾ ಎಂಬತ್ತೈದು,” ಎಂದಳು.

“ಎಣಿಸೋವಾಗ ಮಾತಾಡಲ್ಲ ಮೇಡಂ, ತಪ್ಪು ತಿಳ್ಕೋಬೇಡಿ,” ಎಂದರು ಅವಳಪ್ಪ, ಕೈ ಒರೆಸಿಕೊಂಡು ಸ್ಟೂಲು ಕೊಡುತ್ತ. “ಒಂದು ಸುತ್ತು ತಪ್ಪಿದ್ರೆ ಎಲ್ಲಾ ಬಿಚ್ಚಿ ಮೊದ್ಲಿಂದ ಸುತ್ಬೇಕು. ಅದಕ್ಕೇ ಇಲ್ಲಿ ಎಣಿಸೋರನ್ನ ಯಾರೂ ಮಾತಾಡ್ಸಲ್ಲ. ಕೂತ್ಕಳಿ.”

ಡೈನಮೋ ಹೊರತೆಗೆದೆ. ಅವರು ನೋಡಿದ ಕೂಡಲೇ ಗುರುತಿಸಿದರು. “ಇದೇನಾ ಅವ್ಳು ಮುರಿದಿದ್ದು? ಬಂದು ಹೇಳಿದ್ಲು ಮೇಡಂ, ಸ್ಕೂಲಿನ ಡೈನಮೋ ನನ್ ಕೈಯಲ್ಲಿ ಹಾಳಾಯ್ತು ಅಂತ. ಸರಿಯಾಗಿ ಊಟಾನೂ ಮಾಡ್ಲಿಲ್ಲ. ನಾನೂ ಬೈದೆ, ಕೆಲಸ ಕಲಿತೋರು ಸಾಮಾನು ಮುರೀಬಾರ್ದು ಅಂತ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹುಡುಗಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡಿದ್ದೆ. ಅವಳು ನನ್ನ ಮಾತನ್ನು ನಂಬಿದ್ದಳು. ಅವಳಿಗೆ ಸಿಟ್ಟು ಬಂದದ್ದು ತನ್ನ ಕೈಗಳ ಮೇಲೆ.

ಅಪ್ಪ ಹಳೆಯ ಪೇಪರ್ ಹಾಸಿ, ಸಣ್ಣ ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದರು. ಕನ್ನಡಕ ಏರಿಸಿಕೊಂಡು ಒಳಗೆ ನೋಡಿದರು. ಇಕ್ಕಳದ ತುದಿಯಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದು ಪೇಪರಿನ ಮೇಲೆ ಇಟ್ಟರು. ಹಳದಿ ಬಣ್ಣದ ಒಂದು ಅಕ್ಕಿ ಕಾಳು.

“ಮೇಡಂ, ಇದು ಯಾವ ಪಾರ್ಟು?”

ಅವರು ಡೈನಮೋವನ್ನು ಮೆಲ್ಲಗೆ ತಟ್ಟಿದರು. ಕೆಂಪು ಪುಡಿ ಉದುರಿತು. ಇನ್ನೂ ಎರಡು ಕಾಳು ಬಿದ್ದವು. ಒಳಗೆ ಕರೆಂಟು ದಾಟಿಸುವ ತಾಮ್ರದ ಮೇಲೆ ಅರಿಶಿನ ಗಟ್ಟಿಯಾಗಿ ಕೂತಿತ್ತು.

“ಇದು ಮುರಿದಿಲ್ಲ ಮೇಡಂ,” ಎಂದರು ಅವರು ಬಹಳ ಗಂಭೀರವಾಗಿ. “ಇದಕ್ಕೆ ಪೂಜೆ ಆಗಿದೆ.”

“ಇನ್ನೂರ ಹದಿನಾರು, ಇನ್ನೂರ ಹದಿನೇಳು,” ಎಂದಳು ಹುಡುಗಿ. ಅವಳ ದನಿ ಒಂಚೂರು ಏರಿದ ಹಾಗೆ ನನಗೆ ಕೇಳಿಸಿತು. ಏರಿರಲಿಕ್ಕಿಲ್ಲ. ತಪ್ಪು ಮಾಡಿದವರಿಗೆ ಎಲ್ಲವೂ ಜೋರಾಗಿಯೇ ಕೇಳಿಸುತ್ತದೆ.

ಅವರು ಪೆಟ್ರೋಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜುತ್ತ, ನನ್ನ ಮುಖ ನೋಡದೆ ಹೇಳಿದರು, “ನಾವೂ ಮಾಡ್ತೀವಿ ಮೇಡಂ ಆಯುಧ ಪೂಜೆ. ಜೋರಾಗೇ ಮಾಡ್ತೀವಿ. ಕುಂಕುಮ ಮೇಲಿನ ಬಾಡಿಗೆ ಹಚ್ತೀವಿ, ಒಳಗಿನ ಬೇರಿಂಗಿಗೆ ಹಚ್ಚಲ್ಲ. ದೇವರಿಗೆ ಹೊರಗಿಂದ್ಲೂ ಕಾಣತ್ತೆ.”

ಡೈನಮೋ ತಿರುಗಿತು. ಬಲ್ಬು ಹೊತ್ತಿತು. ನಾನು ಆ ಅಕ್ಷತೆ ಕಾಳನ್ನು ಕಾಗದದ ಚೂರಿನಲ್ಲಿ ಕಟ್ಟಿಕೊಂಡೆ. “ಎಣಿಕೆ ಮುಗೀತಾ ಬಂತು, ಒಂದು ನಿಮಿಷ ಇದ್ದು ಮಾತಾಡ್ಸಿ ಹೋಗಿ,” ಎಂದರು ಅವರು. “ಬಸ್ಸಿಗೆ ಹೊತ್ತಾಯ್ತು,” ಎಂದು ನಾನು ಎದ್ದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ ಎಂಬುದು ಅಲ್ಲಿ ಮೂವರಿಗೂ ಗೊತ್ತಿತ್ತು. ನಾನು ಓಡಿಹೋದೆ, ಅಷ್ಟೇ. ಹುಡುಗಿಯ ಎಣಿಕೆ ಮುಗಿಯುವುದರೊಳಗೆ ಹೊರಟುಬಿಡಬೇಕು ಎಂಬ ಅವಸರದಲ್ಲಿ ಊಟದ ಡಬ್ಬಿ ಅಲ್ಲೇ ಬಿಟ್ಟುಬಂದೆ.

ಬಸ್ಸಿನಲ್ಲಿ ಅವತ್ತು ಕಿಟಕಿಯ ಗಾಜು ಹೇಗಿತ್ತೋ ನೋಡಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಅಡಕೆಗೂ ಅಲ್ಲ, ಅಕ್ಕಿ ಕಾಳಿಗೆ ಹೋಗಿತ್ತು. ಆದರೆ ಹೋದದ್ದು ನನ್ನ ಮಾನ ಮಾತ್ರವಾಗಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಬೈದದ್ದು ಇಡೀ ತರಗತಿಯ ಮುಂದೆ. ಹಾಗಾದರೆ ತಪ್ಪಾಯಿತು ಎನ್ನುವುದೂ ಅಲ್ಲೇ ಆಗಬೇಕು. ಮರುದಿನ ಬೆಳಿಗ್ಗೆ ದಾರಿಯುದ್ದಕ್ಕೂ ಮಾತುಗಳನ್ನು ಬಾಯಲ್ಲೇ ಹೊಂದಿಸುತ್ತ ಬಂದೆ. ಪಕ್ಕದ ಹೆಂಗಸು ನಾನು ಸ್ತೋತ್ರ ಹೇಳುತ್ತಿದ್ದೇನೆ ಎಂದುಕೊಂಡು ಕಾಲು ಮಡಚಿ ಭಕ್ತಿಯಿಂದ ಕೂತರು.

ಮೊದಲು ಹೆಡ್‌ಮಾಸ್ಟರ ಕೋಣೆಗೆ ಹೋದೆ. ಬ್ಯಾಗಿನಲ್ಲಿದ್ದ ಹಾಳೆ ಹರಿದು, ಡೈನಮೋ ಕೆಟ್ಟದ್ದು ನನ್ನಿಂದ, ಒಳಗೆ ಅಕ್ಷತೆ ಹಾಕಿದ್ದರಿಂದ ಎಂದು ಹೊಸದಾಗಿ ಬರೆದುಕೊಟ್ಟೆ. ಅವರು ಎರಡು ಸಲ ಓದಿದರು. “ಪೂಜೆ ಮಾಡಿದ್ದಕ್ಕೆ ಹಾಳಾಯ್ತು ಅಂತ ಬರೆಯೋಕಾಗತ್ತಾ ಮೇಡಂ? ಓದಿದೋರು ಏನಂತಾರೆ? ದೇವರ ಮೇಲೆ ಬರತ್ತೆ,” ಎಂದು ತಾವೇ ಹರಿದು ಬುಟ್ಟಿಗೆ ಹಾಕಿದರು.

ತರಗತಿಯಲ್ಲಿ ಮೇಜಿನ ಮೇಲೆ ಡೈನಮೋ ಇಟ್ಟು, ಅದರ ಪಕ್ಕ ಕಾಗದದ ಮೇಲೆ ಅಕ್ಷತೆ ಕಾಳು ಇಟ್ಟೆ. ಎರಡನೇ ಬೆಂಚಿನಲ್ಲಿ ನನ್ನ ಊಟದ ಡಬ್ಬಿ ಇತ್ತು, ತೊಳೆದು ಒರೆಸಿದ್ದು. ನಾನು ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

“ಇದನ್ನ ಕೆಡಿಸಿದ್ದು ಇವ್ಳಲ್ಲ,” ಎಂದೆ. “ನಾನು. ಪೂಜೆ ಮಾಡ್ತೀನಿ ಅಂತ ಒಳಗೆ ಅಕ್ಷತೆ ಹಾಕ್ದೆ. ಆಮೇಲೆ ಗೊತ್ತಿಲ್ದೆ ಇವ್ಳನ್ನ ಬೈದೆ. ಇವಳಪ್ಪನ ಅಂಗಡಿ ಬಗ್ಗೆನೂ ಅಂದೆ. ಕೊನೆಗೆ ಅದೇ ಅಂಗಡೀಲೇ ಇದು ಸರಿಯಾಗಿದ್ದು. ನಂದು ತಪ್ಪಾಯ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. “ನಗ್ರಿ, ಪರವಾಗಿಲ್ಲ,” ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಡೈನಮೋವನ್ನು ಅವಳ ಮುಂದೆ ಹಿಡಿದೆ. ಅವಳ ಕೈ ಬೆಂಚಿನ ಕೆಳಗಿನಿಂದ ಮೇಲೆ ಬರಲಿಲ್ಲ.

“ನೀವೇ ತಿರುಗ್ಸಿ ಮಿಸ್,” ಎಂದಳು.

ಇನ್ನೇನು ಮಾಡುವುದು? ಹದಿನೆಂಟು ವರ್ಷ ಶಕ್ತಿಯನ್ನು ಕಲಿಸಿದ ಮೇಲೆ ಮೊದಲ ಸಲ ಹಿಡಿಗೆ ಕೈ ಹಾಕಿದೆ. ತಿರುಗಿಸಿದೆ. ಒಂದು ಬಲ್ಬು ಹೊತ್ತಿತು. ಕಷ್ಟವೇನಿರಲಿಲ್ಲ. ನನ್ನ ಮುಖದಲ್ಲಿ ಸ್ವಲ್ಪ ಗತ್ತೂ ಬಂದಿರಬೇಕು. ಅಷ್ಟರಲ್ಲಿ ಬೆಂಚು ಸರಿದ ಸದ್ದಾಯಿತು. ಹುಡುಗಿ ಎದ್ದು ಬಂದು ಪೆಟ್ಟಿಗೆಯಿಂದ ಎರಡನೇ ಬಲ್ಬು ತೆಗೆದು ಕ್ಲಿಪ್ಪು ಹಚ್ಚಿದಳು. ಹಿಡಿ ಗಟ್ಟಿಯಾಯಿತು. ನಾನು ಸೆರಗು ಸಿಕ್ಕಿಸಿಕೊಂಡು ತಿರುಗಿಸಿದೆ.

ಅವಳು ಮೂರನೆಯದು ತೆಗೆದಳು. ಅವಸರವಿಲ್ಲದೆ ವೈರಿನ ತುದಿಯನ್ನು ಉಗುರಿನಿಂದ ಕೆರೆದು ಸ್ವಚ್ಛ ಮಾಡಿ ಹಚ್ಚಿದಳು. ನನ್ನ ರಟ್ಟೆ ಹಿಡಿದುಕೊಂಡಿತು. ಬಳೆಗಳು ಮೊಣಕೈಗೆ ಬಂದವು. ಮಕ್ಕಳು ಬೆಂಚು ಹತ್ತಿ ನಿಂತು ಕೂಗತೊಡಗಿದ್ದರು. ಕೂಗಬೇಡಿ ಎನ್ನಲು ನನಗೆ ಉಸಿರು ಇರಲಿಲ್ಲ. ನಿಲ್ಲಿಸಿದರೆ ಬೆಳಕು ಆರುತ್ತಿತ್ತು. ನಿಲ್ಲಿಸುವ ಮುಖ ನನಗಿರಲಿಲ್ಲ.

ನಾಲ್ಕನೇ ಬಲ್ಬು ಕೂಡಿಸಿದಾಗ ಯಾರೋ ಆ ಕಡೆಯಿಂದ ಹಿಡಿಯನ್ನು ಹಿಡಿದು ಎಳೆಯುತ್ತಿದ್ದಾರೆ ಅನ್ನಿಸಿತು. ಹಣೆಯ ಕುಂಕುಮ ಬೆವರಿಗೆ ಕರಗಿ ಇಳಿದು ಮೂಗಿನ ತುದಿಗೆ ಬಂತು. ಅವಳು ಎಲ್ಲ ಬಲ್ಬುಗಳನ್ನೂ ನೋಡಿ, ಆಮೇಲೆ ನನ್ನನ್ನು ನೋಡಿದಳು.

“ಭಾರ ಆಯ್ತಾ ಮಿಸ್?”

“ಆಯ್ತು ಮಾರಾಯ್ತಿ. ತುಂಬಾ ಭಾರ ಆಯ್ತು.”

ಅವಳ ಮುಖದಲ್ಲಿ ನಗು ಆಗ ಬಂತು. “ಬಿಡಿ, ನಾನು ತಿರುಗ್ಸ್ತೀನಿ,” ಎಂದಳು.

ಕೈ ಬಿಟ್ಟರೆ ಬಲ್ಬುಗಳು ಆರಿಹೋಗುತ್ತವೆ, ಬಿಡದೆ ಅವಳಿಗೆ ಕೊಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವಳು ಗ್ರೀಸಿನ ಕಪ್ಪಿದ್ದ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು, ನನ್ನ ಜೊತೆಗೇ ಎರಡು ಸುತ್ತು ತಿರುಗಿಸಿ, “ಈಗ ಮೆಲ್ಲಗೆ ಕೈ ತೆಕ್ಕಳಿ,” ಎಂದಳು. ನಾನು ತೆಗೆದುಕೊಂಡೆ. ನಾಲ್ಕರಲ್ಲಿ ಒಂದೂ ಆರಲಿಲ್ಲ.